ನಾಲ್ಕು ಭಾಷೆಯ ಅಜ್ಜಿಗೆ ಲಕ್ವಾ ಹೊಡೆದಾಗ: ಹುಬ್ಬಳ್ಳಿಯ ಒಂದು ಪ್ರಕರಣ ಅಧ್ಯಯನ

ರೋಗಿ 85 ವರ್ಷದ ಹೆಂಗಸು. ಹುಬ್ಬಳ್ಳಿಯ ಬಟ್ಟೆ ವ್ಯಾಪಾರದ ಸಿಂಧಿ ಮನೆಯವರು. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿ ಲಕ್ವಾ ಹೊಡೆದಿತ್ತು. ಬಲಗೈ ಸೋತಿತ್ತು, ಕಾಲು ಅಷ್ಟಾಗಿ ಕೆಟ್ಟಿರಲಿಲ್ಲ, ಮಾತು ಮಾತ್ರ ಪೂರ್ತಿ ನಿಂತಿತ್ತು. ಮೂರನೇ ವಾರಕ್ಕೆ ಒಂದೊಂದೇ ಶಬ್ದ ಹೊರಡತೊಡಗಿದಾಗ ವಾಕ್ ಚಿಕಿತ್ಸೆಗೆ ಕರೆತಂದರು. ಕೈಯಲ್ಲಿದ್ದ ಆಸ್ಪತ್ರೆಯ ಕಾಗದಗಳಲ್ಲಿ ಎರಡು ಸಾಲು ಮುಖ್ಯವಾಗಿದ್ದವು: ‘ಮಾತೃಭಾಷೆ ಹಿಂದಿ’ ಮತ್ತು ‘ಗೊಂದಲದಲ್ಲಿದ್ದಾರೆ, ಸ್ಥಳದ ಅರಿವಿಲ್ಲ’. ಎರಡೂ ತಪ್ಪು. ಮೊದಲನೆಯ ತಪ್ಪೇ ಎರಡನೆಯದನ್ನು ಹುಟ್ಟಿಸಿತ್ತು.

ಇದು ಒಬ್ಬರ ಗುರುತು ಹಿಡಿಯುವಂಥ ವರದಿಯಲ್ಲ. ಇಂಥ ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದೆ, ಅಂಕಗಳೂ ಮಾದರಿ ಅಂಕಗಳೇ. ಹಲವು ಭಾಷೆ ಬಲ್ಲ ರೋಗಿಯ ಮಾತು ಹೋದಾಗ ಪರೀಕ್ಷೆಗಿಂತ ಮೊದಲು ಬದುಕನ್ನು ಬರೆದುಕೊಳ್ಳಬೇಕು ಎಂಬುದನ್ನು ತೋರಿಸುವುದಕ್ಕೆ ಇದನ್ನು ಇಷ್ಟು ಬಿಡಿಸಿ ಬರೆದಿದ್ದೇವೆ.

ಬದುಕಿನ ಭಾಷಾ ಪಟ್ಟಿ

ಭಾಷಾವಿಜ್ಞಾನಿ ಮಿಶೆಲ್ ಪರಾದಿಸ್ 1987ರಲ್ಲಿ ಹೊರತಂದ ದ್ವಿಭಾಷಿ ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಭಾಷೆ ಕೆಡುವುದು) ಪರೀಕ್ಷೆಯ ಮೊದಲ ಭಾಗದಲ್ಲಿ ಚಿತ್ರವೂ ಇಲ್ಲ, ಹೆಸರು ಹೇಳಿಸುವುದೂ ಇಲ್ಲ. ಅಲ್ಲಿರುವ 50 ಪ್ರಶ್ನೆಗಳೆಲ್ಲ ರೋಗಿಯ ಭಾಷಾ ಹಿನ್ನೆಲೆಗೆ ಸೇರಿದವು: ಯಾವ ಭಾಷೆ, ಯಾವ ವಯಸ್ಸಿನಿಂದ, ಯಾರ ಜೊತೆ. ಹೊರೆ ಹೆಚ್ಚಾಗಿರುವ ಒಪಿಡಿಗಳಲ್ಲಿ ಬಿಟ್ಟುಹೋಗುವುದು ಇದೇ ಭಾಗ. ಇಲ್ಲಿ ಹಿರಿಯ ಮಗ, ಕೊಲ್ಲಾಪುರದ ತಂಗಿ ಮತ್ತು ಅಂಗಡಿಯ ಹಳೆಯ ಗುಮಾಸ್ತ, ಮೂವರನ್ನೂ ಬೇರೆಬೇರೆ ಕೂರಿಸಿ ಕೇಳಲಾಯಿತು. ಒಟ್ಟಿಗೆ ಕೂರಿಸಿದರೆ ದೊಡ್ಡವರು ಹೇಳಿದ್ದಕ್ಕೆ ಉಳಿದವರು ಹೂಂ ಅನ್ನುತ್ತಾರೆ, ಅಷ್ಟೇ.

ಹುಟ್ಟಿದ್ದು 1938ರಲ್ಲಿ, ಸಿಂಧಿನ ಶಿಕಾರಪುರದಲ್ಲಿ. (ಒಂದು ಹಾಳೆಯಲ್ಲಿ ಇದು ‘ಶಿಕಾರಿಪುರ, ಶಿವಮೊಗ್ಗ ಜಿಲ್ಲೆ’ ಆಗಿತ್ತು. ಇಂಥದ್ದಕ್ಕೆ ನಕ್ಕು ಸುಮ್ಮನಾಗುವ ಹಾಗಿಲ್ಲ. ಮುಂದಿನ ವೈದ್ಯರು ಕನ್ನಡವೇ ತಾಯ್ನುಡಿ ಎಂದುಕೊಂಡುಬಿಡುತ್ತಾರೆ.) 1936ರವರೆಗೆ ಸಿಂಧ್ ಮತ್ತು ಧಾರವಾಡ ಜಿಲ್ಲೆ ಎರಡೂ ಮುಂಬಯಿ ಪ್ರಾಂತದಲ್ಲೇ ಇದ್ದವು, ಆ ವರ್ಷ ಸಿಂಧ್ ಬೇರೆಯಾಯಿತು. ಒಂಬತ್ತು ವರ್ಷದವರೆಗೆ ಮನೆ, ಓಣಿ, ಆಟ ಎಲ್ಲವೂ ಸಿಂಧಿ. ಎರಡು ವರ್ಷ ಹೆಣ್ಣುಮಕ್ಕಳ ಶಾಲೆ. ಅಲ್ಲಿ ಅರಬಿ ಮೂಲದ ಸಿಂಧಿ ಲಿಪಿ.

ಪಂಜಾಬ್, ಬಂಗಾಳಗಳ ಹಾಗೆ ಸಿಂಧ್ ಎರಡು ಹೋಳಾಗಲಿಲ್ಲ, ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿನ ಹಿಂದೂಗಳಲ್ಲಿ ಬಹಳಷ್ಟು ಮಂದಿ ಆಗಸ್ಟ್ 1947ರಲ್ಲೇ ಹೊರಡಲಿಲ್ಲ. 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆಯಾದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಹೊರಬಿದ್ದರು. ಈ ಕುಟುಂಬವೂ ಆಗಲೇ ರೈಲಿನಲ್ಲಿ ಕರಾಚಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬಂತು. ಮೊದಲ ನೆಲೆ ಕಲ್ಯಾಣದ ಹತ್ತಿರ, ಮಹಾಯುದ್ಧದ ಕಾಲದ ಮಿಲಿಟರಿ ಬ್ಯಾರಕ್‌ಗಳ ಕ್ಯಾಂಪು. ಅದೇ 1949ರಲ್ಲಿ ಉಲ್ಹಾಸನಗರ ಎಂಬ ಹೆಸರು ಪಡೆಯಿತು. ಬ್ಯಾರಕ್ಕಿನಲ್ಲಿ ತಾಯಿ ಮಗಳಿಗೆ ಗುರುಮುಖಿ (ಪಂಜಾಬಿ ಬರೆಯುವ ಲಿಪಿ) ಕಲಿಸಿದಳು, ಸುಖಮನಿ ಎಂಬ ಸಿಖ್ ಪ್ರಾರ್ಥನೆಯ ಪಾಠ ಓದುವುದಕ್ಕೆ. ಆ ಪೀಳಿಗೆಯ ಸಿಂಧಿ ಹಿಂದೂ ಮನೆಗಳಲ್ಲಿ ಗಂಡಸರು ಅರಬಿ ಮೂಲದ ಲಿಪಿಯಲ್ಲಿ ಲೆಕ್ಕ, ಪತ್ರ ಬರೆಯುವುದು, ಹೆಂಗಸರು ಗುರುಮುಖಿಯಲ್ಲಿ ಪಾಠ ಓದುವುದು ಸಾಮಾನ್ಯವಾಗಿತ್ತು. ಪರೀಕ್ಷೆಯ ಹೊತ್ತಿಗೆ ಈ ವಿಷಯ ದೊಡ್ಡದಾಯಿತು.

ಆಮೇಲೆ ಕೊಲ್ಲಾಪುರದ ಹತ್ತಿರದ ವಳಿವಡೆ. ಯುದ್ಧದ ಸಮಯದಲ್ಲಿ ಪೋಲೆಂಡಿನ ನಿರಾಶ್ರಿತರು ಇದ್ದ ಕ್ಯಾಂಪು ಅದು. ಅವರು ಹೋದ ಮೇಲೆ ಸಿಂಧಿಗಳು ಬಂದರು, ಊರು ಗಾಂಧಿನಗರವಾಯಿತು. ಇವತ್ತು ನಮ್ಮ ಭಾಗದ ಬಟ್ಟೆ ವ್ಯಾಪಾರಸ್ಥರು ಹೋಲ್‌ಸೇಲ್ ಖರೀದಿಗೆ ಹೋಗುವುದು ಅದೇ ಗಾಂಧಿನಗರಕ್ಕೆ. ಅಲ್ಲಿ ಎಂಟು ವರ್ಷ. ಶಾಲೆ ಇಲ್ಲ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ ಮರಾಠಿ ಬಂತು, ಮಾತಿನಲ್ಲಷ್ಟೇ.

1957ರಲ್ಲಿ, ಅಂದರೆ ಹುಬ್ಬಳ್ಳಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ, ಮದುವೆಯಾಗಿ ಇಲ್ಲಿಗೆ. ಚಾಳದ ಮನೆ, ನಾಲ್ಕು ಮಕ್ಕಳು. ಮೊದಮೊದಲು ಪೇಟೆಯಲ್ಲಿ ಮರಾಠಿಯೇ ಕೈಹಿಡಿಯಿತು. ಕನ್ನಡ ಕಲಿಸಿದ್ದು ನಳದ ಪಾಳಿ ಮತ್ತು ಪಕ್ಕದ ಮನೆಯವರು. 1979ರಲ್ಲಿ ಗಂಡ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ಕೂತವರು ಮೂವತ್ತಕ್ಕೂ ಹೆಚ್ಚು ವರ್ಷ ಇಳಿಯಲಿಲ್ಲ. ನವಲಗುಂದ, ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರದ ಕಡೆಯಿಂದ ಮದುವೆ ಜವಳಿಗೆ ಬರುವವರೇ ಗಿರಾಕಿಗಳು. ಇಳಕಲ್ ಸೀರೆ, ಕುಪ್ಪಸದ ಖಣ, ಧೋತರ, ಲಂಗದ ಬಟ್ಟೆ. ಚೌಕಾಸಿ, ಉದ್ರಿ, ಅಳತೆ, ಮಾಲಿನ ಗುಣ, ಗಿರಾಕಿಯ ಮನೆಯ ಸುದ್ದಿ ಎಲ್ಲವೂ ಕನ್ನಡದಲ್ಲಿ.

ಹಾಗಾದರೆ ಹಿಂದಿ ಎಲ್ಲಿಂದ ಬಂತು? ಮೊಮ್ಮಕ್ಕಳಿಂದ. ಮಕ್ಕಳಲ್ಲಿ ಹಿರಿಯರಿಬ್ಬರು ಸಿಂಧಿ ಚೆನ್ನಾಗಿ ಆಡುತ್ತಾರೆ, ಮೂರನೆಯವರಿಗೆ ಅರ್ಥವಾಗುತ್ತದೆ, ಕೊನೆಯವರಿಗೆ ಬೈಗುಳ ಮತ್ತು ತಿಂಡಿಯ ಹೆಸರು ಬರುತ್ತವೆ. ಮೊಮ್ಮಕ್ಕಳು ಇಂಗ್ಲಿಷ್ ಶಾಲೆ ಸೇರಿದ ಮೇಲೆ ಮನೆಯ ಮಾತು ಹಿಂದಿಗೆ ಜಾರಿತು. ಅಜ್ಜಿ ಅವರ ಜೊತೆ ಆಡುತ್ತಿದ್ದದ್ದು ಊಟ ಆಯಿತೇ, ಬೇಗ ಬಾ ಎಂಬಷ್ಟರ ಹಿಂದಿ. ಆಸ್ಪತ್ರೆಯ ಅರ್ಜಿ ತುಂಬಿದವನು ಮೊಮ್ಮಗ. ತನಗೆ ಗೊತ್ತಿದ್ದ ಅಜ್ಜಿಯ ಭಾಷೆಯನ್ನು ಅವನು ಬರೆದ.

ಮಾತು ಆಡಿಸುವ ಮೊದಲು

ಕಿವಿ ಮತ್ತು ಕಣ್ಣು ಮೊದಲು. ಆಡಿಯೊಮೆಟ್ರಿಯಲ್ಲಿ ಎರಡೂ ಕಿವಿಗೆ ವಯೋಸಹಜ ಕಿವುಡು, ಎತ್ತರದ ಸ್ವರಗಳಲ್ಲಿ ಹೆಚ್ಚು. ಅಂದರೆ ‘ಸ’, ‘ಶ’, ‘ತ’ ಇರುವ ಶಬ್ದ ಅರೆಬರೆ ಕೇಳಿಸುತ್ತದೆ. ಹಿಂದೆ ಕುಳಿತು ಕೊಟ್ಟ ಸೂಚನೆ ಪಾಲಿಸದಿದ್ದರೆ ಅದು ಅಫೇಸಿಯಾ ಆಗಬೇಕೆಂದಿಲ್ಲ. ಕನ್ನಡಕ ಮನೆಯಲ್ಲೇ ಉಳಿದಿತ್ತು, ತರಿಸಲಾಯಿತು.

ಆಮೇಲೆ ಹೌದು–ಅಲ್ಲ ಪರೀಕ್ಷೆ. ಉತ್ತರ ನಮಗೆ ಗೊತ್ತಿರುವ ಹತ್ತು ಪ್ರಶ್ನೆ, ಐದಕ್ಕೆ ಹೌದು, ಐದಕ್ಕೆ ಅಲ್ಲ, ಕಲಸಿದ ಕ್ರಮದಲ್ಲಿ. ಹತ್ತಕ್ಕೆ ಎಂಟಾದರೂ ಸರಿ ಬರದಿದ್ದರೆ ರೋಗಿ ತಲೆಯಾಡಿಸಿದ್ದನ್ನು ‘ಒಪ್ಪಿಗೆ’ ಎಂದು ಬರೆಯಬಾರದು. ಈ ಅಜ್ಜಿಗೆ ಹಿಂದಿಯಲ್ಲಿ ಐದು, ಅಂದರೆ ಕಣ್ಣುಮುಚ್ಚಿ ಹೇಳಿದರೂ ಬರುವಷ್ಟು. ಕನ್ನಡದಲ್ಲಿ ಎಂಟು, ಸಿಂಧಿಯಲ್ಲಿ ಒಂಬತ್ತು. ‘ಗೊಂದಲದಲ್ಲಿದ್ದಾರೆ’ ಎಂಬ ಸಾಲು ಅಲ್ಲಿಗೇ ಸಡಿಲವಾಯಿತು.

ಅದು ಕಾಗದಕ್ಕೆ ಬಂದ ಬಗೆ ಹೀಗೆ. ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸು ಹಾವೇರಿ ಕಡೆಯವರು, ಕನ್ನಡ ಬಿಟ್ಟು ಬೇರೆ ಬಾರದು. ಮಧ್ಯಾಹ್ನವಾಗುತ್ತಲೇ ಅಜ್ಜಿ ‘ಮಾನಿ, ಮಾನಿ’ ಅನ್ನುತ್ತಿದ್ದರು. ಸಿಂಧಿಯಲ್ಲಿ ಅದು ರೊಟ್ಟಿ, ಊಟ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ‘ಮನಿಗೆ ಹೋಗೂಣಂತ್ರಿ ಅಮ್ಮಾರ, ಎರಡ ದಿನ ತಡೀರಿ’ ಎಂದು ಸಮಾಧಾನ ಹೇಳಿದ್ದಾಯಿತು. ಮನೆಗೆ ಬಂದ ಮೇಲೂ ಅದೇ ಶಬ್ದ ಬಂದಾಗ ‘ಮನ್ಯಾಗ ಅದೀರಲ್ರಿ’ ಎಂದು ಕೈ ಹಿಡಿದು ಕೋಣೆಗಳನ್ನು ತೋರಿಸಿದರು. ಹಸಿದವರು ಸಿಟ್ಟಾಗಿ ಕೈ ಕೊಸರಿದರು. ಫಾಲೋಅಪ್‌ನಲ್ಲಿ ಇದೆಲ್ಲ ‘ಸ್ಥಳದ ಅರಿವಿಲ್ಲ, ಆಗಾಗ ಉದ್ರೇಕ’ ಎಂದು ದಾಖಲಾಯಿತು. ಮನೆಯಲ್ಲಿ ‘ತಲಿ ಕೆಟ್ಟೈತಿ’ ಎಂಬ ಮಾತು ಶುರುವಾಗಿತ್ತು. ಹಿರಿಯ ಮಗ ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದುದರಿಂದ ತಿದ್ದುವವರೂ ಇರಲಿಲ್ಲ.

ಪರೀಕ್ಷೆ: ಎಲ್ಲಿ ಎಡವುತ್ತೇವೆ

ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪ ಇದೆ. ತಾನಾಗಿ ಆಡುವ ಮಾತು, ಕೇಳಿ ತಿಳಿಯುವುದು, ಹೇಳಿದ್ದನ್ನು ಮರಳಿ ಹೇಳುವುದು, ಹೆಸರು ಹೇಳುವುದು ಎಂಬ ನಾಲ್ಕು ಭಾಗಗಳಿಂದ ನೂರಕ್ಕೆ ಒಂದು ಅಂಕ ಬರುತ್ತದೆ; ಮೂಲ ಪರೀಕ್ಷೆಯಲ್ಲಿ 93.8ಕ್ಕಿಂತ ಕಡಿಮೆ ಇದ್ದರೆ ಅಫೇಸಿಯಾ ಎಂದು ಎಣಿಸುತ್ತಾರೆ. ಅದನ್ನು ಕನ್ನಡದಲ್ಲಿ ಪೂರ್ತಿ ಮಾಡಿ, ಅದರ ಜೊತೆಗೆ ಒಂದೇ 20 ಚಿತ್ರಗಳನ್ನು ನಾಲ್ಕು ಭಾಷೆಯಲ್ಲಿ, ನಾಲ್ಕು ಬೇರೆ ದಿನ, ಬೆಳಿಗ್ಗೆ ಹತ್ತೂವರೆಗೆ ಕೇಳಲಾಯಿತು. ಒಂದೇ ದಿನ ನಾಲ್ಕೂ ಕೇಳಿದರೆ ಕೊನೆಯ ಭಾಷೆಗೆ ದಣಿವಿನ ಅಂಕ ಬೀಳುತ್ತದೆ.

ಬಂದ ಅಂಕ: ಕನ್ನಡ 7, ಸಿಂಧಿ 6, ಮರಾಠಿ 3, ಹಿಂದಿ 2.

ಅಂಕ ಹಾಕುವಾಗ ಪ್ರಾದೇಶಿಕ ಮಾತನ್ನು ತಪ್ಪೆಂದು ಬರೆಯುವುದು ನಮ್ಮ ಭಾಗದಲ್ಲಿ ದಿನನಿತ್ಯದ ಎಡವಟ್ಟು. ಉತ್ತರದ ಹಾಳೆಯಲ್ಲಿ ‘ಆಲೂಗಡ್ಡೆ’, ‘ಈರುಳ್ಳಿ’, ‘ಕಡಲೆಕಾಯಿ’, ‘ತಟ್ಟೆ’ ಎಂದಿದ್ದರೆ ಹುಬ್ಬಳ್ಳಿಯವರ ಬಾಯಲ್ಲಿ ಬರುವುದು ಬಟಾಟಿ, ಉಳ್ಳಾಗಡ್ಡಿ, ಶೇಂಗಾ, ತಾಟು. ನಾಲ್ಕೂ ಪೂರ್ತಿ ಅಂಕಕ್ಕೆ ಅರ್ಹ. ಪರೀಕ್ಷೆಗೆ ಮೊದಲೇ ಒಪ್ಪುವ ಶಬ್ದಗಳ ಪಟ್ಟಿ ಮಾಡಿಕೊಂಡು ಹಾಳೆಗೆ ಪಿನ್ ಹಾಕಬೇಕು. ಇಲ್ಲದಿದ್ದರೆ ಸೋಮವಾರದ ಪರೀಕ್ಷಕರು ಒಪ್ಪಿದ್ದನ್ನು ಗುರುವಾರದವರು ತಳ್ಳಿಹಾಕುತ್ತಾರೆ.

ಸಿಂಧಿಯ ತೊಡಕು ಬೇರೆ. ಆ ಭಾಷೆಯಲ್ಲಿ ನಾಲ್ಕು ವ್ಯಂಜನಗಳನ್ನು ಗಂಟಲು ಕೆಳಗೆಳೆದು, ಗಾಳಿ ಒಳಕ್ಕೆ ಸೆಳೆಯುವ ಹಾಗೆ ಆಡುತ್ತಾರೆ: ನಮ್ಮ ಗ, ಜ, ಡ, ಬಗಳ ನಾಲ್ಕು ಸೋದರರು ಅನ್ನಬಹುದು. ಕನ್ನಡಕ್ಕೆ, ಹಿಂದಿಗೆ ಈ ಧ್ವನಿಗಳಿಲ್ಲ. ಎಣಿಸುವಾಗ ಎರಡು ಮತ್ತು ಹತ್ತು ಇಂಥ ಧ್ವನಿಯಿಂದಲೇ ಶುರುವಾಗುತ್ತವೆ. ಕೇಳಿ ರೂಢಿಯಿಲ್ಲದವರು ‘ಉಚ್ಚಾರ ಕೆಟ್ಟಿದೆ, ಬಾಯಿಯ ಸ್ನಾಯು ದುರ್ಬಲ’ ಎಂದು ಬರೆದು ನಾಲಿಗೆಯ ವ್ಯಾಯಾಮ ಕೊಟ್ಟುಬಿಡುತ್ತಾರೆ. ಹಿರಿಯ ಮಗನಿಂದ ಅದೇ ಶಬ್ದಗಳನ್ನು ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪಕ್ಕಪಕ್ಕ ಕೇಳಿದರೆ ಅನುಮಾನ ಪರಿಹಾರವಾಗುತ್ತದೆ.

ಮನೆಯವರು ದುಭಾಷಿಯಾದಾಗ ಅವರನ್ನೂ ತರಬೇತಿ ಮಾಡಬೇಕು. ತಾಯಿ ತಪ್ಪಿದರೆ ಮಗ ತಿದ್ದಿ ಹೇಳುತ್ತಾನೆ. ಅದು ಪ್ರೀತಿ, ಆದರೆ ಅಂಕ ಕೆಡುತ್ತದೆ. ಅರ್ಥವಿಲ್ಲದ್ದನ್ನೂ ಬಂದ ಹಾಗೆಯೇ ಹೇಳಬೇಕು, ಕೈಸನ್ನೆ ಮಾಡಬಾರದು, ರೋಗಿಯ ಎದುರಿಗಲ್ಲದೆ ಪಕ್ಕಕ್ಕೆ ಕೂರಬೇಕು. ತಂಗಿಯನ್ನು ಕೊಲ್ಲಾಪುರದಿಂದ ವಿಡಿಯೊ ಕರೆಯಲ್ಲಿ ಸೇರಿಸಿದ್ದು ಹರಟೆಗೆ ಬಹಳ ಉಪಯೋಗವಾಯಿತು, ಮರಳಿ ಹೇಳಿಸುವ ಪರೀಕ್ಷೆಗೆ ಆಗಲಿಲ್ಲ. ಧ್ವನಿ ತಡವಾಗಿ, ತುಂಡುತುಂಡಾಗಿ ಬಂದರೆ ಯಾರು ತಪ್ಪಿದರು ಎಂದು ಹೇಳಲಾಗದು. ಅದಕ್ಕೆ ಮೊದಲೇ ರೆಕಾರ್ಡ್ ಮಾಡಿಟ್ಟ ಶಬ್ದಗಳೇ ಬೇಕು.

ಓದು. ದೇವನಾಗರಿಯ ಹಾಳೆ ಕೊಟ್ಟಾಗ ಒಂದಕ್ಷರವೂ ಹೊರಡಲಿಲ್ಲ. ಅದನ್ನು ‘ಓದು ಪೂರ್ತಿ ಹೋಗಿದೆ’ ಎಂದು ಬರೆಯುವುದು ಸುಲಭವಿತ್ತು. ದಿಂಬಿನ ಕೆಳಗಿನ ಗುಟಕಾ ತರಿಸಲಾಯಿತು: ಅಂಗೈಯಗಲದ ಪುಸ್ತಕ, ಹಳದಿ ಬಟ್ಟೆಯಲ್ಲಿ ಸುತ್ತಿದ್ದು, ಹಾಳೆಯ ಮೂಲೆಗಳು ಬೆರಳಿನ ಎಣ್ಣೆಗೆ ಕಪ್ಪಾಗಿದ್ದವು. ಮೊದಲ ಪುಟ ತೆರೆದರೆ ಸರಾಗವಾಗಿ ಹೇಳಿದರು. ಅದೂ ಓದಲ್ಲ. ಎಪ್ಪತ್ತು ವರ್ಷ ಹೇಳಿದ ಪಾಠ ಬಾಯಿಪಾಠವೇ. ಸುಖಮನಿಯಲ್ಲಿ 24 ಅಷ್ಟಪದಿಗಳಿವೆ. ನಡುವಿನ ಒಂದು ಪುಟ ತೆರೆದು, ಮೇಲಿನ ಕೆಳಗಿನ ಸಾಲುಗಳನ್ನು ರಟ್ಟಿನಿಂದ ಮುಚ್ಚಿ, ಒಂದೇ ಸಾಲಿನ ಮಧ್ಯದ ಶಬ್ದ ತೋರಿಸಬೇಕು. ಎಡಗೈ ಬೆರಳು ಅಕ್ಷರದ ಕೆಳಗೆ ಸರಿಯಿತು, ನಿಂತಿತು, ಮೂರು ಶಬ್ದಗಳಲ್ಲಿ ಎರಡು ಬಂದವು. ಗುರುಮುಖಿ ಓದು ಅರ್ಧಂಬರ್ಧ ಉಳಿದಿದೆ ಎಂದು ಬರೆಯಲು ಅಷ್ಟು ಸಾಕು.

ಯಾವ ಭಾಷೆಯಲ್ಲಿ ಚಿಕಿತ್ಸೆ?

ಹತ್ತೊಂಬತ್ತನೇ ಶತಮಾನದಿಂದ ಎರಡು ವಾದ ನಡೆದುಬಂದಿವೆ. ಮೊದಲು ಕಲಿತದ್ದೇ ಗಟ್ಟಿ, ಅದೇ ಉಳಿಯುತ್ತದೆ ಎಂಬುದು ಫ್ರಾನ್ಸಿನ ಮನೋವಿಜ್ಞಾನಿ ರಿಬೊ ಹೆಸರಿನ ನಿಯಮ. ರೋಗ ಬಂದಾಗ ಯಾವುದು ಹೆಚ್ಚು ಬಳಕೆಯಲ್ಲಿತ್ತೋ ಅದು ಮೊದಲು ಮರಳುತ್ತದೆ ಎಂದು ಅಲ್ಲಿಯದೇ ವೈದ್ಯ ಪಿತ್ರ್ 1895ರಲ್ಲಿ ಬರೆದ. ಎರಡಕ್ಕೂ ಒಪ್ಪುವ ರೋಗಿಗಳಿದ್ದಾರೆ, ಎರಡನ್ನೂ ಸುಳ್ಳು ಮಾಡುವವರೂ ಇದ್ದಾರೆ. ಹೆಚ್ಚಾಗಿ ಕಾಣುವುದು ಎಲ್ಲ ಭಾಷೆಗಳೂ ಮೊದಲಿದ್ದ ಅನುಪಾತದಲ್ಲೇ ಕೆಟ್ಟು, ಹಾಗೆಯೇ ಸುಧಾರಿಸುವುದು. ‘ತಾಯ್ನುಡಿಯಲ್ಲೇ ಚಿಕಿತ್ಸೆ’ ಎಂಬ ಘೋಷಣೆ ಕಿವಿಗೆ ಚೆನ್ನ. ಆದರೆ ದಿನಕ್ಕೆ ಹತ್ತು ತಾಸು ಕನ್ನಡ ಮಾತ್ರ ಬಲ್ಲವರ ಜೊತೆ ಕಳೆಯುವ ಅಜ್ಜಿಗೆ ಸಿಂಧಿ ಮಾತ್ರ ಕಲಿಸಿದರೆ ಆ ಹತ್ತು ತಾಸು ಮೂಕವಾಗಿಯೇ ಉಳಿಯುತ್ತದೆ.

ಲೆಕ್ಕ ಹಾಕಿದ್ದು ಹೀಗೆ: ಎಚ್ಚರವಿರುವ ಹೊತ್ತಿನಲ್ಲಿ ಯಾರು ಎಷ್ಟು ತಾಸು ಹತ್ತಿರ ಇರುತ್ತಾರೆ, ಅವರಿಗೆ ಯಾವ ಭಾಷೆ ಬರುತ್ತದೆ. ಕನ್ನಡ ಹತ್ತು, ಸಿಂಧಿ ಎರಡು, ಹಿಂದಿ ಒಂದು. ಇದಕ್ಕೆ ಪರೀಕ್ಷೆಯ ಅಂಕ ಮತ್ತು ರೋಗಿಯ ಇಷ್ಟ ಸೇರಿಸಿ ತೀರ್ಮಾನವಾದದ್ದು: ಮುಖ್ಯ ಚಿಕಿತ್ಸೆ ಕನ್ನಡದಲ್ಲಿ, ಸಂಜೆಯ ಹೊತ್ತು ಮಗನ ಜೊತೆ ಸಿಂಧಿ. ಹಿಂದಿಗೆ ಪ್ರತ್ಯೇಕ ಪಾಠವಿಲ್ಲ, ನಿಷೇಧವೂ ಇಲ್ಲ. ಬೇರೆ ಭಾಷೆ ಕಿವಿಗೆ ಬಿದ್ದರೆ ಹಾನಿ ಎಂಬ ಹಳೆಯ ಎಚ್ಚರಿಕೆಗೆ ಗಟ್ಟಿ ಆಧಾರವಿಲ್ಲ.

ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ, 12 ವಾರ: ಒಟ್ಟು 45 ತಾಸು. ಮೊದಲ ಐದು ನಿಮಿಷ ತಾನಾಗಿ ಉರುಳುವ ಸರಣಿಗಳು, ಎಣಿಕೆ ಮತ್ತು ವಾರದ ಹೆಸರು. ಮುಂದಿನ 20 ನಿಮಿಷ ಶಬ್ದಗಳು. ಶಬ್ದಗಳನ್ನು ಆರಿಸುವಾಗ ಆಕೆಯ ಭಾಷೆಗಳಲ್ಲಿ ಹೆಚ್ಚೂಕಡಿಮೆ ಒಂದೇ ಸದ್ದಿನವುಗಳನ್ನು ಮುಂದೆ ಇಡಲಾಯಿತು: ಬಟಾಟಿ, ಕುರ್ಚಿ, ಸಾಬೂನು, ಗಾಡಿ, ಬಾಜಾರ. ಒಂದು ಬಾಗಿಲು ಅಂಟಿಕೊಂಡರೆ ಇನ್ನೊಂದು ಭಾಷೆಯ ಬಾಗಿಲಿಂದಲಾದರೂ ಅದೇ ಶಬ್ದ ಹೊರಬರಲಿ ಎಂಬ ಲೆಕ್ಕ. ಚಿತ್ರ ತೋರಿಸಿ ಹತ್ತು ಸೆಕೆಂಡ್ ಸುಮ್ಮನಿರಬೇಕು. ಇದೇ ಮನೆಯವರಿಗೆ ಅತಿ ಕಷ್ಟದ ಭಾಗ. ಬರದಿದ್ದರೆ ಉಪಯೋಗ ಹೇಳುವುದು, ಆಮೇಲೆ ಅರ್ಧ ವಾಕ್ಯ (‘ಮೈ ತೊಳಿಯಾಕ ನೀರು ಮತ್ತ…’), ಆಮೇಲೆ ಮೊದಲ ಅಕ್ಷರ, ಕೊನೆಗೆ ಇಡೀ ಶಬ್ದ ಹೇಳಿ ಮರಳಿ ಹೇಳಿಸುವುದು. ಹೇಳಿಸಿದ ಶಬ್ದವನ್ನು ಮೂರು ನಿಮಿಷ ಬಿಟ್ಟು ಮತ್ತೆ ಕೇಳದಿದ್ದರೆ ಅದು ಬರಿಯ ಪ್ರತಿಧ್ವನಿ.

ಹತ್ತು ನಿಮಿಷ ಅಂಗಡಿ. ಚಿತ್ರದ ಕಾರ್ಡುಗಳಿಗಿಂತ ಕೆಲಸ ಮಾಡಿದ್ದು ಇದು. ಗುಮಾಸ್ತ ತಂದ ಆರು ಬಟ್ಟೆ ತುಂಡುಗಳು, ಒಂದು ಟೇಪು, ದರ ಬರೆದ ಚೀಟಿಗಳು. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಅಂಚು ಹಿಡಿದು ಉಜ್ಜಿ, ಬೆಳಕಿಗೆ ತಿರುಗಿಸಿ, ಮುಖ ಸಿಂಡರಿಸಿ ‘ಟೆರಿಕಾಟ್’ ಅಂದರು. ಅದೇ ಬಟ್ಟೆಯ ಫೋಟೊ ಹಿಂದಿನ ದಿನ ತೋರಿಸಿದಾಗ ಉತ್ತರವಿರಲಿಲ್ಲ. ‘ಬರ್ರಿ ಅಕ್ಕಾರ’, ‘ಕಡಿಮಿ ಆಗೂದಿಲ್ಲರಿ’, ‘ಎರಡೂವರಿ’ ಎಂಬ ಇಡಿ ತುಂಡುಗಳು ಮೊದಲ ಎರಡು ವಾರದಲ್ಲೇ ಮರಳಿದವು. ಇಂಥ ಸಿದ್ಧ ತುಂಡು ಬಂದೊಡನೆ ‘ಮಾತು ಬಂತು’ ಎಂದು ಮನೆಯವರು ಸಂಭ್ರಮಿಸುತ್ತಾರೆ, ಎರಡು ದಿನದಲ್ಲಿ ನಿರಾಶರಾಗುತ್ತಾರೆ. ತುಂಡನ್ನು ಒಡೆದು ಬಳಸಲು ಕಲಿಸುವುದೇ ಮುಂದಿನ ಕೆಲಸ: ‘ಎರಡೂವರಿ ಮೀಟರ್’ ಇಂದ ‘ಎರಡೂವರಿ ಕಪ್ ಚಹಾ’ಕ್ಕೆ, ಅಲ್ಲಿಂದ ‘ಚಹಾ ಬ್ಯಾಡ’ಕ್ಕೆ. ಕೊನೆಯ ಹತ್ತು ನಿಮಿಷ ಆರೈಕೆಯವರಿಗೆ ಪಾಠ.

ನಾಲ್ಕನೇ ವಾರ ಮಗ ಬೇಸರದಿಂದ ಬಂದರು. ಸಂಜೆ ಸಿಂಧಿಯಲ್ಲಿ ಕೇಳಿದರೆ ಅಮ್ಮ ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಇದ್ದ ಸಿಂಧಿಯೂ ಹೋಗುತ್ತಿದೆಯೇ ಎಂದು. ಅಭ್ಯಾಸವಾದ ಭಾಷೆ ಬೇಗ ನಾಲಿಗೆಗೆ ಬಂದು ಇನ್ನೊಂದನ್ನು ತಳ್ಳುವುದು ಈ ಹಂತದಲ್ಲಿ ಕಾಣುತ್ತದೆ. ಆದರೆ ಮೊದಲಿನಿಂದಲೂ ಬೆರೆಸಿ ಆಡುವವರೇ ಇರಬಹುದಲ್ಲ? ಲಕ್ವಾಕ್ಕೆ ಮುಂಚಿನ ವಾಟ್ಸ್ಆ್ಯಪ್ ಧ್ವನಿ ಸಂದೇಶಗಳನ್ನು ಕೇಳಿದಾಗ ಗೊತ್ತಾಯಿತು: ಮಗನ ಜೊತೆಗಿನ ಸಿಂಧಿಯಲ್ಲಿ ಹಣ, ಅಳತೆ, ತರಕಾರಿಯ ಶಬ್ದಗಳು ಎಂದೋ ಕನ್ನಡವಾಗಿದ್ದವು. ಹಳೆಯ ಧ್ವನಿ ಸಂದೇಶ ಇಂಥ ಕಡೆ ಸ್ಕ್ಯಾನಿನಷ್ಟೇ ಮುಖ್ಯ. ಮಗನಿಗೆ ಕೊಟ್ಟ ಸೂಚನೆ: ಬೇರೆ ಭಾಷೆಯಲ್ಲಿ ಸರಿ ಶಬ್ದ ಬಂದರೆ ತಡೆಯಬೇಡಿ, ಒಪ್ಪಿಕೊಂಡು ನಿಮ್ಮ ಉತ್ತರದಲ್ಲಿ ಸಿಂಧಿ ಶಬ್ದ ಬಳಸಿ. ಬೆಳಗಿನ ಕನ್ನಡ ಪಡಸಾಲೆಯಲ್ಲಿ, ಸಂಜೆಯ ಸಿಂಧಿ ದೇವರ ಕೋಣೆಯ ಹತ್ತಿರ. ಜಾಗ ಮತ್ತು ಜನ ಬೇರೆಯಾದರೆ ಗೊಂದಲ ಕಡಿಮೆ.

ಮನಸ್ಸು

ಲಕ್ವಾ ಆದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರನ್ನು ಖಿನ್ನತೆ ಹಿಡಿಯುತ್ತದೆ. ಪ್ರಶ್ನೆ ಕೇಳಿ ಪತ್ತೆ ಹಚ್ಚುವ ಹಾಗಿಲ್ಲದ ಕಡೆ ಊಟ, ನಿದ್ದೆ, ಅಳು, ಯಾರ ಕಡೆಯೂ ನೋಡದಿರುವುದನ್ನು ಆರೈಕೆಯವರು ದಿನವೂ ಗುರುತು ಹಾಕಬೇಕು. ಐದನೇ ವಾರ ಮೊಮ್ಮಗಳು ಒಳ್ಳೆಯ ಮನಸ್ಸಿನಿಂದಲೇ ಟ್ಯಾಬಿನಲ್ಲಿ ಕರಾಚಿ ಬಂದರಿನ ಹಳೆಯ ಚಿತ್ರಗಳನ್ನು ತೋರಿಸಿದಳು. ಅಜ್ಜಿ ಟ್ಯಾಬನ್ನು ತಳ್ಳಿ ಗೋಡೆಗೆ ಮುಖ ಮಾಡಿದರು, ಎರಡು ದಿನ ಅಭ್ಯಾಸಕ್ಕೆ ಬರಲಿಲ್ಲ. 1948ರ ಪಯಣದ ಬಗ್ಗೆ ಮಕ್ಕಳ ಹತ್ತಿರವೂ ಅವರು ಎಂದೂ ಮಾತಾಡಿದವರಲ್ಲ. ಮಾತು ಇದ್ದಾಗ ಮುಚ್ಚಿಟ್ಟದ್ದನ್ನು ಮಾತಿಲ್ಲದಾಗ ಕೆದಕಬಾರದು. ‘ಸಾಕು’ ಅನ್ನುವ ಶಕ್ತಿ ಕೂಡ ಆಗ ರೋಗಿಯ ಕೈಯಲ್ಲಿರುವುದಿಲ್ಲ. ನೆನಪಿನ ಚಿಕಿತ್ಸೆಗೆ ವಿಷಯ ಬೇಕಿದ್ದರೆ ಹುಬ್ಬಳ್ಳಿಯ ಅಂಗಡಿ, ಮಕ್ಕಳ ಮದುವೆ, ಚೇಟಿಚಂಡ್ ಹಬ್ಬದ ಅಡುಗೆ ಇದ್ದವು. ಫೈಲಿನಲ್ಲಿ ‘ಈ ವಿಷಯ ಬೇಡ’ ಎಂಬ ಸಾಲು ಸೇರಿಸಲಾಯಿತು. ಮೊದಲ ಭೇಟಿಯಲ್ಲೇ ಕೇಳಿ ಬರೆದಿರಬೇಕಾದ ಸಾಲು ಅದು.

ಹನ್ನೆರಡು ವಾರದ ಮೇಲೆ

ಅದೇ 20 ಚಿತ್ರ, ಅದೇ ಹೊತ್ತು: ಕನ್ನಡ 14, ಸಿಂಧಿ 10, ಮರಾಠಿ 6, ಹಿಂದಿ 4. ಮರಾಠಿಗೆ ಯಾರೂ ಏನೂ ಕಲಿಸಿರಲಿಲ್ಲ. ಹುಬ್ಬಳ್ಳಿ ಕನ್ನಡಕ್ಕೂ ಮರಾಠಿಗೂ ಇರುವ ಸಾಮಾನು, ತರಕಾರಿಗಳ ಕೊಡುಕೊಳೆಯೇ ಅಲ್ಲಿ ಕೆಲಸ ಮಾಡಿದೆ. ಏರಿದ ಶಬ್ದಗಳಲ್ಲಿ ಬಟಾಟಾ, ಖುರ್ಚಿ ಇದ್ದವು, ಕನ್ನಡಕ್ಕೆ ಹತ್ತಿರವಿಲ್ಲದ ಶಬ್ದ ಒಂದೂ ಇರಲಿಲ್ಲ. ಎರಡು ಮೂರು ಶಬ್ದದ ವಾಕ್ಯ ಕನ್ನಡದಲ್ಲಿ ಬರುತ್ತದೆ, ಕ್ರಿಯಾಪದದ ಕೊನೆ ಇನ್ನೂ ಜಾರುತ್ತದೆ. ಫೋನಿನಲ್ಲಿ ಮಾತು ಆಗುವುದಿಲ್ಲ, ಮುಖ ಕಾಣಬೇಕು. ಮೊಮ್ಮಕ್ಕಳ ಜೊತೆಗಿನ ಹಿಂದಿ ಹೆಚ್ಚು ಮರಳಲಿಲ್ಲ. ಅವರೇ ಕನ್ನಡಕ್ಕೆ ತಿರುಗಿಕೊಂಡರು. ಆರೈಕೆಯವರಿಂದ ‘ಊಟ ಮಾಡ್ರಿ’, ‘ಸಾಕೇನ್ರಿ’ ಕಲಿತರು.

ಕಾಗದಪತ್ರದ ಮಾತು ಎರಡು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ವಾಕ್ ಮತ್ತು ಭಾಷಾ ವೈಕಲ್ಯದ ವ್ಯಾಖ್ಯೆಯಲ್ಲಿ ಅಫೇಸಿಯಾದ ಹೆಸರೇ ಇದೆ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಕನಿಷ್ಠ ಶೇ. 40ರ ಪ್ರಮಾಣಪತ್ರ ಬೇಕು. ಮೌಲ್ಯಮಾಪನಕ್ಕೆ ಹೋಗುವಾಗ ಭಾಷಾ ಪಟ್ಟಿ ಮತ್ತು ಭಾಷಾವಾರು ಅಂಕ ಜೊತೆಗಿರಲಿ. ಹಿಂದಿಯಲ್ಲಿ ಮಾತ್ರ ಅಳೆದರೆ ಇಲ್ಲದ ವೈಕಲ್ಯ ಸೇರುತ್ತದೆ, ಎಣಿಕೆ ಮಾತ್ರ ಕೇಳಿದರೆ ಇರುವುದು ಮರೆಯಾಗುತ್ತದೆ. ಬಲಗೈ ಸೋತದ್ದರಿಂದ ಬ್ಯಾಂಕಿನ ಸಹಿ ಹೊಂದುವುದಿಲ್ಲ. ಹೌದು–ಅಲ್ಲ ಪರೀಕ್ಷೆಯ ಅಂಕ ನಮೂದಿಸಿದ ವೈದ್ಯರ ಪತ್ರದೊಂದಿಗೆ ಹೆಬ್ಬೆಟ್ಟಿನ ವ್ಯವಸ್ಥೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮನೆಯ ಫೈಲಿನ ಮೇಲೆ ಈಗ ಒಂದು ಚೀಟಿ ಅಂಟಿಸಿದೆ: ಕೇಳಿ ತಿಳಿಯುವುದು ಸಿಂಧಿ, ಕನ್ನಡ, ಆಡುವುದು ಕನ್ನಡ, ಓದುವುದು ಗುರುಮುಖಿ ಮಾತ್ರ, ಕಿವಿಯ ಯಂತ್ರ ಮತ್ತು ಕನ್ನಡಕ ಹಾಕಿಸಿಯೇ ಮಾತಾಡಿಸಿ, ‘ಮಾನಿ’ ಅಂದರೆ ಊಟ. ಕೆಳಗೆ ಮಗನ ಮತ್ತು ತಂಗಿಯ ಫೋನ್ ನಂಬರು. ಮುಂದಿನ ಪರೀಕ್ಷೆ ಆರು ತಿಂಗಳಿಗೆ, ಅದೇ ಚಿತ್ರ, ಅದೇ ಪರೀಕ್ಷಕರು, ಬೆಳಿಗ್ಗೆ ಹತ್ತೂವರೆ.